ಮುಂದೆ ಎಂಜಿನ್‌ಎಕ್ಸ್, ಹಿಂದೆ ಆ್ಯಪ್: ಡೈನಾಮಿಕ್ ರಿಕ್ವೆಸ್ಟ್‌ಗಳನ್ನು ಇನ್ನೊಂದು ಸರ್ವರ್‌ಗೆ ದಾಟಿಸುವುದು ಹೇಗೆ

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ವೆಬ್‌ಸೈಟ್ ಇದೆ ಅಂದುಕೊಳ್ಳಿ. ಆಲೆಮನೆಯ ಫೋಟೋ, ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಪುಡಿ ಬೆಲ್ಲದ ವಿವರ, ಅಂಗಡಿ ವಿಳಾಸ ಇವೆಲ್ಲ ದಿನಾ ಬದಲಾಗುವುದಿಲ್ಲ. ಫೈಲ್ ಇದ್ದ ಹಾಗೇ ಎತ್ತಿ ಕೊಟ್ಟರೆ ಆಯಿತು. ಇವತ್ತಿನ ರೇಟು, ಗಿರಾಕಿಯ ಆರ್ಡರ್, ಹಣ ಕಟ್ಟಿದ ಲೆಕ್ಕ ಹಾಗಲ್ಲ. ಪ್ರತಿ ಸಲ ಡೇಟಾಬೇಸ್ ನೋಡಿಯೇ ಉತ್ತರ ಹೇಳಬೇಕು. ಈ ಎರಡನೇ ಬಗೆಯ, ಅಂದರೆ ಡೈನಾಮಿಕ್ ರಿಕ್ವೆಸ್ಟ್‌ಗಳನ್ನು ಮಾತ್ರ ಹಿಂದಿರುವ ಇನ್ನೊಂದು ಸರ್ವರ್‌ಗೆ ದಾಟಿಸಬೇಕು. ಇದಕ್ಕೆ ರಿವರ್ಸ್ ಪ್ರಾಕ್ಸಿ ಎನ್ನುತ್ತಾರೆ.

ದಾಟಿಸುವ ಕೆಲಸಕ್ಕೆ ಬೇಕಾಗಿರುವುದು ಒಂದೇ ಸಾಲು. ಆ ಸಾಲು ಬರೆದು, ಪುಟ ತೆರೆದುಕೊಂಡಿತು ಅಂತ ಎದ್ದು ಹೋಗುವವರೇ ಜಾಸ್ತಿ. ಆಮೇಲೆ ಲಾಗಿನ್ ಆಗುವುದಿಲ್ಲ, ಇಮೇಲ್‌ನಲ್ಲಿ ಹೋದ ಲಿಂಕ್ ತೆರೆಯುವುದಿಲ್ಲ, ಎಲ್ಲ ಗಿರಾಕಿಗಳೂ ಒಂದೇ ಐಪಿಯಿಂದ ಬಂದ ಹಾಗೆ ಲಾಗ್‌ನಲ್ಲಿ ಕಾಣುತ್ತದೆ. ಕಾರಣ ಇಷ್ಟೇ: ಬಂದವರು ಯಾರು, ಯಾವ ಹೆಸರು ಕೇಳಿಕೊಂಡು ಬಂದರು, ಎಚ್‌ಟಿಟಿಪಿಎಸ್‌ನಲ್ಲಿ ಬಂದರಾ ಇಲ್ಲವಾ ಅನ್ನುವುದನ್ನು ಮುಂದಿನ ಸರ್ವರ್ ಹಿಂದಿನದಕ್ಕೆ ಹೇಳಿಯೇ ಇರುವುದಿಲ್ಲ. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ.

ನಮ್ಮ ಉದಾಹರಣೆಯಲ್ಲಿ ಎರಡು ಉಬುಂಟು ಮೆಷಿನ್‌ಗಳಿವೆ. ಮುಂದಿನದು 10.0.0.11, ಅದರಲ್ಲಿ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್. ಹಿಂದಿನದು 10.0.0.12, ಅದರಲ್ಲಿ ಗುನಿಕಾರ್ನ್ (ಪೈಥಾನ್ ಆ್ಯಪ್ ಓಡಿಸುವ ಸರ್ವರ್) ಮೇಲೆ ಓಡುವ ಜ್ಯಾಂಗೋ (ಪೈಥಾನ್ ಫ್ರೇಮ್‌ವರ್ಕ್) ಆ್ಯಪ್, ಪೋರ್ಟ್ 8000. ನಿಮ್ಮದು ನೋಡ್ (ಜಾವಾಸ್ಕ್ರಿಪ್ಟ್) ಆಗಿರಲಿ, ಟಾಮ್‌ಕ್ಯಾಟ್ (ಜಾವಾ) ಆಗಿರಲಿ, ಪೋರ್ಟ್ ಬದಲಾದೀತು, ವಿಷಯ ಅದೇ. ಇನ್ನೊಂದು ಮಾತು: ಓದಲು ಸಲೀಸಾಗಲಿ ಅಂತ ಸೆಟ್ಟಿಂಗ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫೈಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಡೈರೆಕ್ಟಿವ್ (ಸಾಲಿನ ಮೊದಲ ಪದ) ಮತ್ತು ವೇರಿಯಬಲ್‌ಗಳ ($ ಗುರುತಿನಿಂದ ಶುರುವಾಗುವವು) ಹೆಸರು ಪೂರ್ತಿ ಸಣ್ಣಕ್ಷರದಲ್ಲಿರಬೇಕು. ಅಂಡರ್‌ಸ್ಕೋರ್, ಸೆಮಿಕೋಲನ್, ಸ್ಲ್ಯಾಶ್ ಇದ್ದಲ್ಲೇ ಇರಲಿ.

ಇದರಿಂದ ಏನು ಲಾಭ?

ಎಂಜಿನ್‌ಎಕ್ಸ್ ಅನ್ನು ಬರೆದವರು ರಷ್ಯಾದ ಇಗೋರ್ ಸಿಸೋಯೆವ್. ಅದು ಮೊದಲು ಸಾರ್ವಜನಿಕವಾಗಿ ಹೊರಬಂದದ್ದು 2004ರಲ್ಲಿ. ಏಕಕಾಲಕ್ಕೆ ಸಾವಿರಾರು ಕನೆಕ್ಷನ್‌ಗಳನ್ನು ಕಡಿಮೆ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳಬೇಕು ಅನ್ನುವುದೇ ಅದರ ಮೂಲ ಉದ್ದೇಶ. ಗುನಿಕಾರ್ನ್ ಹಾಗಲ್ಲ. ಅದರ ಸಾಮಾನ್ಯ ವರ್ಕರ್, ಅಂದರೆ ಕೆಲಸ ಮಾಡುವ ಪ್ರೋಸೆಸ್, ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡಿಕೊಳ್ಳುತ್ತದೆ.

ಈಗ ಯಾರೋ ನಾಗಮಂಗಲದ ಕಡೆಯ ಹಳ್ಳಿಯಿಂದ, ಒಂದೇ ಕಡ್ಡಿ ಸಿಗ್ನಲ್ ಇರುವ ಫೋನ್‌ನಲ್ಲಿ ರೇಟು ನೋಡುತ್ತಿದ್ದಾರೆ ಅನ್ನಿ. ಆ್ಯಪ್ ಪುಟ ತಯಾರು ಮಾಡಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಅದು ಆ ಫೋನ್‌ಗೆ ಇಳಿಯಲು ಹಲವು ಸೆಕೆಂಡ್ ಬೇಕು. ಮಧ್ಯೆ ಎಂಜಿನ್‌ಎಕ್ಸ್ ಇಲ್ಲದಿದ್ದರೆ ಅಷ್ಟೂ ಹೊತ್ತು ಒಂದು ವರ್ಕರ್ ಸುಮ್ನೆ ಕಾಯುತ್ತಾ ನಿಂತಿರುತ್ತದೆ. ಇಂಥ ನಾಲ್ಕು ಫೋನ್ ಬಂದರೆ ನಾಲ್ಕು ವರ್ಕರ್ ಸಿಕ್ಕಿಬಿದ್ದ ಹಾಗೆ. ಎಂಜಿನ್‌ಎಕ್ಸ್ ಇದ್ದರೆ ಉತ್ತರವನ್ನು ತಾನು ಬೇಗ ಇಸಿದುಕೊಂಡು ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಜಾಗದಲ್ಲಿ, ಇಟ್ಟುಕೊಳ್ಳುತ್ತದೆ. ವರ್ಕರ್‌ಗೆ ಬಿಡುಗಡೆ. ನಿಧಾನದ ಫೋನ್‌ಗೆ ನಿಧಾನವಾಗಿ ಕೊಡುವ ತಾಳ್ಮೆ ಎಂಜಿನ್‌ಎಕ್ಸ್‌ನದು. ಸಂಕ್ರಾಂತಿ, ಯುಗಾದಿ ಹತ್ತಿರ ಬಂದಾಗ ಬೆಲ್ಲದ ಸೈಟ್ ಬೀಳದೆ ಉಳಿಯುವುದಕ್ಕೆ ದೊಡ್ಡ ಮೆಷಿನ್‌ಗಿಂತ ಇದು ಹೆಚ್ಚು ನೆರವಾಗುತ್ತದೆ. ಈ ಬಫರಿಂಗ್ ಮೊದಲಿನಿಂದಲೇ ಆನ್ ಇರುತ್ತದೆ, ನೀವೇನೂ ಮಾಡಬೇಕಿಲ್ಲ.

ಮೊದಲು ವಿಳಾಸಗಳನ್ನು ಬೇರ್ಪಡಿಸಿ

ಯಾವ ವಿಳಾಸ ಹಿಂದಕ್ಕೆ ಹೋಗಬೇಕು ಅನ್ನುವುದನ್ನು ಕಾಗದದಲ್ಲಿ ಬರೆದುಕೊಳ್ಳಿ. ಡೈನಾಮಿಕ್ ಆದದ್ದನ್ನೆಲ್ಲ ಒಂದೇ ಹೆಸರಿನ ಕೆಳಗೆ ತಂದುಬಿಟ್ಟರೆ ಒಳ್ಳೆಯದು. ಉದಾಹರಣೆಗೆ /ಅಂಗಡಿ/ರೇಟು, /ಅಂಗಡಿ/ಆರ್ಡರ್. ಆಗ /ಅಂಗಡಿ/ ಅಂತ ಶುರುವಾಗುವುದೆಲ್ಲ ಹಿಂದಕ್ಕೆ, ಉಳಿದದ್ದು ಮುಂದೆಯೇ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಜ್ಯಾಂಗೋದ ಅಡ್ಮಿನ್ ಪುಟ /ಅಡ್ಮಿನ್/ ವಿಳಾಸದಲ್ಲಿದ್ದರೆ ಅದನ್ನು ನೀವು ದಾಟಿಸುತ್ತಿಲ್ಲ, ಹಾಗಾಗಿ ಈ ದಾರಿಯಲ್ಲಿ ಹೊರಗಿನವರಿಗೆ ಅದು ಸಿಗುವುದೂ ಇಲ್ಲ.

ಹಿಂದಿನ ಸರ್ವರ್ ಬೇರೆಯದೇ ಮೆಷಿನ್ ಆದ್ದರಿಂದ ಒಂದು ವಿಷಯ ಮರೆಯಬೇಡಿ. ಜ್ಯಾಂಗೋದ ಕಲೆಕ್ಟ್‌ಸ್ಟ್ಯಾಟಿಕ್ ಕಮಾಂಡ್ ಒಟ್ಟುಗೂಡಿಸುವ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲ್‌ಗಳು ಹಿಂದಿನ ಮೆಷಿನ್‌ನಲ್ಲಿರುತ್ತವೆ. ಅವುಗಳನ್ನು ಮುಂದಿನದಕ್ಕೆ ನಕಲು ಮಾಡಬೇಕು. ಇಲ್ಲದಿದ್ದರೆ ಪುಟ ಬರುತ್ತದೆ, ಬಣ್ಣ ಬರುವುದಿಲ್ಲ.

ಹಿಂದಿನ ಸರ್ವರ್ ಸಿಗುತ್ತಿದೆಯಾ?

ಎಂಜಿನ್‌ಎಕ್ಸ್ ಫೈಲ್ ಮುಟ್ಟುವ ಮೊದಲು ಇದು ಗೊತ್ತಾಗಬೇಕು. ಗುನಿಕಾರ್ನ್ ತಾನಾಗಿ 127.0.0.1:8000ರಲ್ಲಿ ಕೂರುತ್ತದೆ. ಅಂದರೆ ಅದೇ ಮೆಷಿನ್‌ನವರಿಗೆ ಮಾತ್ರ ಬಾಗಿಲು. ಬೇರೆ ಮೆಷಿನ್‌ನಿಂದ ಬರಬೇಕಾದರೆ ಶುರು ಮಾಡುವಾಗ ಹೀಗೆ ಹೇಳಬೇಕು:

ಗುನಿಕಾರ್ನ್ --ಬೈಂಡ್ 10.0.0.12:8000 ಬೆಲ್ಲ.ಡಬ್ಲ್ಯುಎಸ್‌ಜಿಐ

0.0.0.0 ಅಂತ ಕೊಟ್ಟರೂ ಓಡುತ್ತದೆ. ಆದರೆ ಆ ಮೆಷಿನ್‌ಗೆ ಪಬ್ಲಿಕ್ ಐಪಿ ಇದ್ದರೆ ಅಲ್ಲೂ ಬಾಗಿಲು ತೆರೆದ ಹಾಗಾಯಿತು. ಒಳಗಿನ ಐಪಿಯನ್ನೇ ಕೊಡಿ. ನಂತರ ಫೈರ್‌ವಾಲ್‌ನಲ್ಲಿ 8000 ಅನ್ನು ಮುಂದಿನ ಸರ್ವರ್‌ಗೆ ಮಾತ್ರ ಬಿಡಿ:

ಯುಎಫ್‌ಡಬ್ಲ್ಯು ಅಲೌ ಫ್ರಮ್ 10.0.0.11 ಟು ಎನಿ ಪೋರ್ಟ್ 8000 ಪ್ರೋಟೋ ಟಿಸಿಪಿ

ಇದು ಬೇಡದ ಎಚ್ಚರಿಕೆ ಅಲ್ಲ. ಮುಂದೆ ಹೆಡರ್‌ಗಳ (ರಿಕ್ವೆಸ್ಟ್ ಜೊತೆ ಹೋಗುವ ಮಾಹಿತಿ ಸಾಲುಗಳ) ವಿಷಯ ಬಂದಾಗ ಹಿಂದಿನ ಸರ್ವರ್ ಮುಂದಿನದು ಹೇಳಿದ್ದನ್ನೆಲ್ಲ ನಂಬಲಿದೆ. ಯಾರು ಬೇಕಾದರೂ ನೇರವಾಗಿ 8000ಕ್ಕೆ ಬರುವಂತಿದ್ದರೆ ಯಾರು ಬೇಕಾದರೂ ಸುಳ್ಳು ಹೇಳಬಹುದು. ಕ್ಲೌಡ್ ಮೆಷಿನ್ ಆದರೆ ಅಲ್ಲಿನ ಸೆಕ್ಯುರಿಟಿ ಗ್ರೂಪ್‌ನಲ್ಲೂ (ಕ್ಲೌಡ್‌ನ ಫೈರ್‌ವಾಲ್) ಇದೇ ನಿಯಮ ಹಾಕಿ.

ಈಗ ಮುಂದಿನ ಸರ್ವರ್‌ಗೆ ಹೋಗಿ ಕರ್ಲ್ ಕಮಾಂಡ್‌ನಿಂದ 10.0.0.12:8000/ಅಂಗಡಿ/ರೇಟು ತೆರೆಯಿರಿ. ಜ್ಯಾಂಗೋ 400 ಎರರ್ ಕೊಟ್ಟರೂ ಚಿಂತೆಯಿಲ್ಲ, ಆ್ಯಪ್ ಸಿಕ್ಕಿತು ಅಂತ ಅರ್ಥ. ಕನೆಕ್ಷನ್ ರೆಫ್ಯೂಸ್ಡ್ ಬಂದರೆ ಆ್ಯಪ್ ಓಡುತ್ತಿಲ್ಲ ಅಥವಾ ಬೇರೆ ಐಪಿಯಲ್ಲಿ ಕೂತಿದೆ. ಏನೂ ಬರದೆ ತೂಗುತ್ತಾ ನಿಂತರೆ ಸಾಮಾನ್ಯವಾಗಿ ಫೈರ್‌ವಾಲ್. ಇಲ್ಲಿ ಸರಿಯಾಗದೆ ಮುಂದಿನ ಹೆಜ್ಜೆ ಇಡಬೇಡಿ. ಎಂಜಿನ್‌ಎಕ್ಸ್ ನಡುವೆ ಬಂದಮೇಲೆ ಇದೇ ತೊಂದರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ.

ದಾಟಿಸುವ ಸಾಲು

ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ಫೋಲ್ಡರ್ ಒಳಗೆ ಸೈಟ್ಸ್-ಅವೈಲಬಲ್ ಇರುತ್ತದೆ. ಅದರಲ್ಲಿ ಬೆಲ್ಲ ಅನ್ನುವ ಹೆಸರಿನಲ್ಲಿ ಹೊಸ ಫೈಲ್ ಮಾಡಿ:

ಸರ್ವರ್ {
    ಲಿಸನ್ 80;
    ಸರ್ವರ್_ನೇಮ್ ನಿಮ್ಮ-ಡೊಮೇನ್;
    ರೂಟ್ /ವರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಬೆಲ್ಲ;

    ಲೊಕೇಶನ್ / {
        ಟ್ರೈ_ಫೈಲ್ಸ್ $ಯುಆರ್‌ಐ $ಯುಆರ್‌ಐ/ =404;
    }

    ಲೊಕೇಶನ್ /ಅಂಗಡಿ/ {
        ಪ್ರಾಕ್ಸಿ_ಪಾಸ್ ಎಚ್‌ಟಿಟಿಪಿ://10.0.0.12:8000;
    }
}

ಸೈಟ್ಸ್-ಎನೇಬಲ್ಡ್ ಫೋಲ್ಡರ್‌ಗೆ ಇದರ ಸಿಮ್‌ಲಿಂಕ್ (ಶಾರ್ಟ್‌ಕಟ್) ಕೊಡಿ. ಆಮೇಲೆ "ಎಂಜಿನ್‌ಎಕ್ಸ್ -ಟಿ" ಓಡಿಸಿ. ಸೆಮಿಕೋಲನ್ ಬಿಟ್ಟಿದ್ದರೆ ಯಾವ ಸಾಲು ಅಂತಲೂ ಅದೇ ಹೇಳುತ್ತದೆ. ಎಲ್ಲ ಸರಿ ಅಂದಮೇಲೆ ರೀಲೋಡ್ ಮಾಡಿ, ರೀಸ್ಟಾರ್ಟ್ ಬೇಡ. ರೀಲೋಡ್ ಆದಾಗ ಹೊಸ ವರ್ಕರ್‌ಗಳು ಹೊಸ ಸೆಟ್ಟಿಂಗ್ ಹಿಡಿದು ಶುರುವಾಗುತ್ತವೆ, ಹಳೆಯವು ಕೈಯಲ್ಲಿರುವ ಕೆಲಸ ಮುಗಿಸಿ ಹೋಗುತ್ತವೆ. ಆರ್ಡರ್ ಹಾಕುತ್ತಿದ್ದವರಿಗೆ ಗೊತ್ತೂ ಆಗುವುದಿಲ್ಲ.

ಈಗ ಸ್ಲ್ಯಾಶ್ ವಿಷಯ. ಪ್ರಾಕ್ಸಿ ಪಾಸ್ ಸಾಲಿನಲ್ಲಿ 8000 ಆದಮೇಲೆ ಏನೂ ಇಲ್ಲ ನೋಡಿ. ಹೀಗಿದ್ದಾಗ ಬ್ರೌಸರ್ ಕೇಳಿದ /ಅಂಗಡಿ/ರೇಟು ಹಿಂದಕ್ಕೂ /ಅಂಗಡಿ/ರೇಟು ಅಂತಲೇ ಹೋಗುತ್ತದೆ. 8000 ಆದಮೇಲೆ ಒಂದೇ ಒಂದು ಸ್ಲ್ಯಾಶ್ ಹಾಕಿ. ಲೊಕೇಶನ್‌ಗೆ ಹೊಂದಿದ ಭಾಗ ಕತ್ತರಿಸಿ ಹೋಗಿ ಹಿಂದಕ್ಕೆ ಬರೀ /ರೇಟು ಹೋಗುತ್ತದೆ. ಕೊನೆಗೆ /ಆ್ಯಪ್ ಅಂತ ಹಾಕಿ ಸ್ಲ್ಯಾಶ್ ಬಿಟ್ಟರೆ ಇನ್ನೂ ಮಜಾ: ಹಿಂದಕ್ಕೆ ಹೋಗುವುದು /ಆ್ಯಪ್‌ರೇಟು. ಮುಂದೆ ನೋಡಿದರೆ ಎಲ್ಲ ಸರಿ, ಹಿಂದೆ 404 (ಪುಟ ಸಿಗಲಿಲ್ಲ). ಇದರಲ್ಲಿ ತಲೆ ಕೆಡಿಸಿಕೊಳ್ಳದವರು ಈ ಕೆಲಸದಲ್ಲಿ ಯಾರೂ ಇಲ್ಲ ಅನ್ನಬಹುದು. ನನ್ನ ಸಲಹೆ, ಎರಡೂ ಕಡೆ ಒಂದೇ ವಿಳಾಸ ಇಟ್ಟುಕೊಂಡು ಸ್ಲ್ಯಾಶ್ ಇಲ್ಲದೆ ಬರೆಯಿರಿ. ಕತ್ತರಿಸಿದರೆ ಆ್ಯಪ್ ತಾನು ತಯಾರಿಸುವ ಲಿಂಕ್‌ಗಳಲ್ಲಿ /ಅಂಗಡಿ/ ಇರುವುದಿಲ್ಲ, ಅದನ್ನು ಸರಿಪಡಿಸಲು ಮತ್ತೊಂದು ಸರ್ಕಸ್.

ಇನ್ನೊಂದು ಸಣ್ಣ ಬಲೆ: ಐಪಿ ಬದಲು ಹೆಸರು ಬರೆದರೆ ಆ ಹೆಸರಿನ ಐಪಿಯನ್ನು ಎಂಜಿನ್‌ಎಕ್ಸ್ ಸಾಮಾನ್ಯವಾಗಿ ಶುರುವಾಗುವಾಗ ಅಥವಾ ರೀಲೋಡ್ ಆದಾಗ ಮಾತ್ರ ಹುಡುಕುತ್ತದೆ. ಹಿಂದಿನ ಮೆಷಿನ್‌ನ ಐಪಿ ಬದಲಾದರೆ ರೀಲೋಡ್ ಮಾಡಬೇಕು.

ಹಿಂದಿನವರಿಗೆ ನಿಜ ಹೇಳುವ ಸಾಲುಗಳು

ಇಲ್ಲಿಗೆ ಪುಟ ತೆರೆಯಬೇಕಿತ್ತು. ಆದರೆ ಜ್ಯಾಂಗೋ 400 ಕೊಡುತ್ತದೆ. ಯಾಕೆ? ನೀವು ಬೇರೆ ಹೇಳದಿದ್ದರೆ ಎಂಜಿನ್‌ಎಕ್ಸ್ ಹಿಂದಕ್ಕೆ ಕಳಿಸುವ ಹೋಸ್ಟ್ ಹೆಡರ್‌ನಲ್ಲಿ 10.0.0.12:8000 ಇರುತ್ತದೆ, ನಿಮ್ಮ ಡೊಮೇನ್ ಅಲ್ಲ. ಯಾವ ಹೆಸರಿಗೆ ಉತ್ತರಿಸಬೇಕು ಅನ್ನುವ ಜ್ಯಾಂಗೋದ ಅಲೌಡ್ ಹೋಸ್ಟ್ಸ್ ಪಟ್ಟಿಯಲ್ಲಿ ಆ ಹೆಸರಿಲ್ಲ, ಹಾಗಾಗಿ ಜ್ಯಾಂಗೋ ಬಾಗಿಲು ಹಾಕುತ್ತದೆ. ಕೆಲವರು ಪಟ್ಟಿಗೆ ಈ ಐಪಿಯನ್ನೇ ಸೇರಿಸಿ ಗೆದ್ದೆವು ಅಂದುಕೊಳ್ಳುತ್ತಾರೆ. ಆಮೇಲೆ ಪಾಸ್‌ವರ್ಡ್ ಬದಲಿಸುವ ಇಮೇಲ್‌ನಲ್ಲಿ 10.0.0.12 ಅನ್ನುವ ಲಿಂಕ್ ಹೋಗುತ್ತದೆ. ಮದ್ದೂರಿನಲ್ಲಿ ಕೂತ ಗಿರಾಕಿಗೆ ಅದು ಯಾವ ಜನ್ಮದಲ್ಲೂ ತೆರೆಯುವುದಿಲ್ಲ.

ಸರಿಯಾದ ದಾರಿ ಇದು. ಲೊಕೇಶನ್ ಒಳಗೆ ಪ್ರಾಕ್ಸಿ ಪಾಸ್ ಜೊತೆಗೆ ಈ ಸಾಲುಗಳನ್ನು ಸೇರಿಸಿ:

ಪ್ರಾಕ್ಸಿ_ಸೆಟ್_ಹೆಡರ್ ಹೋಸ್ಟ್ $ಹೋಸ್ಟ್;
ಪ್ರಾಕ್ಸಿ_ಸೆಟ್_ಹೆಡರ್ ಎಕ್ಸ್-ರಿಯಲ್-ಐಪಿ $ರಿಮೋಟ್_ಆ್ಯಡ್ರ್;
ಪ್ರಾಕ್ಸಿ_ಸೆಟ್_ಹೆಡರ್ ಎಕ್ಸ್-ಫಾರ್ವರ್ಡೆಡ್-ಫಾರ್ $ಪ್ರಾಕ್ಸಿ_ಆ್ಯಡ್_ಎಕ್ಸ್_ಫಾರ್ವರ್ಡೆಡ್_ಫಾರ್;
ಪ್ರಾಕ್ಸಿ_ಸೆಟ್_ಹೆಡರ್ ಎಕ್ಸ್-ಫಾರ್ವರ್ಡೆಡ್-ಪ್ರೋಟೊ $ಸ್ಕೀಮ್;

ಮೊದಲನೆಯದು ಗಿರಾಕಿ ಕೇಳಿದ ಹೆಸರನ್ನು ಹಾಗೇ ದಾಟಿಸುತ್ತದೆ. ಎರಡನೆಯದು, ಮೂರನೆಯದು ಗಿರಾಕಿಯ ಐಪಿ. ಇವಿಲ್ಲದಿದ್ದರೆ ಹಿಂದಿನ ಆ್ಯಪ್‌ಗೆ ಲೋಕದ ಎಲ್ಲರೂ 10.0.0.11ರಿಂದಲೇ ಬಂದವರು. ತಪ್ಪು ಪಾಸ್‌ವರ್ಡ್ ಹೊಡೆದವರ ಐಪಿ ತಡೆಯುವ ವ್ಯವಸ್ಥೆ ನಿಮ್ಮ ಆ್ಯಪ್‌ನಲ್ಲಿದ್ದರೆ ಯಾರೋ ಒಬ್ಬರ ತಪ್ಪಿಗೆ ಎಲ್ಲ ಗಿರಾಕಿಗಳಿಗೂ ಬಾಗಿಲು ಬಂದ್.

ಫಾರ್ವರ್ಡೆಡ್-ಫಾರ್ ಬಗ್ಗೆ ಒಂದು ಎಚ್ಚರ. ಎಂಜಿನ್‌ಎಕ್ಸ್ ಇದರಲ್ಲಿ ಹಳೆಯದನ್ನು ಅಳಿಸುವುದಿಲ್ಲ, ಕೊನೆಗೆ ತನಗೆ ಕಂಡ ಐಪಿಯನ್ನು ಸೇರಿಸುತ್ತದೆ. ಬಂದವನೇ ಮೊದಲು ಸುಳ್ಳು ಐಪಿ ಬರೆದು ಕಳಿಸಿದ್ದರೆ ಅದೂ ಎಡಗಡೆ ಉಳಿದಿರುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ಪಟ್ಟಿಯ ಮೊದಲ ಐಪಿ ತೆಗೆದುಕೊಳ್ಳಬೇಡಿ. ನಡುವೆ ಒಂದೇ ಪ್ರಾಕ್ಸಿ ಇದ್ದರೆ ಕೊನೆಯದೇ ನಿಜ.

ನಾಲ್ಕನೆಯದು ಎಚ್‌ಟಿಟಿಪಿಎಸ್ ವಿಷಯ. ಬ್ರೌಸರ್‌ನಲ್ಲಿ ಕಾಣುವ ಬೀಗದ ಗುರುತಿನ ಭದ್ರತೆ ಮುಂದಿನ ಸರ್ವರ್‌ನಲ್ಲೇ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗುವುದು ಬರೀ ಎಚ್‌ಟಿಟಿಪಿ. ಎಲ್ಲರನ್ನೂ ಎಚ್‌ಟಿಟಿಪಿಎಸ್‌ಗೆ ತಿರುಗಿಸು ಅಂತ ಜ್ಯಾಂಗೋಗೆ ಹೇಳಿದ್ದರೆ ಅದು ತಿರುಗಿಸುತ್ತದೆ, ಬ್ರೌಸರ್ ಎಚ್‌ಟಿಟಿಪಿಎಸ್‌ನಲ್ಲೇ ಮತ್ತೆ ಬರುತ್ತದೆ, ಜ್ಯಾಂಗೋಗೆ ಮತ್ತೆ ಎಚ್‌ಟಿಟಿಪಿ ಅಂತಲೇ ಕಾಣುತ್ತದೆ, ಮತ್ತೆ ತಿರುಗಿಸುತ್ತದೆ. ಕೊನೆಗೆ ಬ್ರೌಸರ್ ಸುಸ್ತಾಗಿ ತುಂಬಾ ಸಲ ತಿರುಗಿಸಲಾಗಿದೆ ಅಂತ ನಿಲ್ಲಿಸುತ್ತದೆ. ಈ ಹೆಡರ್ ಕಳಿಸುವುದರ ಜೊತೆಗೆ ಜ್ಯಾಂಗೋ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್ ಕೂಡ ಹೇಳಬೇಕು. ಎರಡರಲ್ಲಿ ಒಂದು ಬಿಟ್ಟರೂ ಆಗದು. ಆರ್ಡರ್ ಫಾರಂ ಒತ್ತಿದಾಗ ಬರುವ ಸಿಎಸ್‌ಆರ್‌ಎಫ್ (ನಕಲಿ ಫಾರಂ ತಡೆಯುವ ಪರೀಕ್ಷೆ) 403 ಎರರ್‌ಗೂ ಎಷ್ಟೋ ಸಲ ಇದೇ ಮೂಲ. ನೋಡ್‌ನ ಎಕ್ಸ್‌ಪ್ರೆಸ್ ಬಳಸುವವರಿಗೆ ಇದೇ ಕೆಲಸ ಮಾಡುವುದು ಟ್ರಸ್ಟ್ ಪ್ರಾಕ್ಸಿ ಸೆಟ್ಟಿಂಗ್.

ಹೆಡರ್ ಸಾಲುಗಳನ್ನು ಮೇಲಿನ ಸರ್ವರ್ ಬ್ಲಾಕ್‌ನಲ್ಲಿ ಒಂದೇ ಸಲ ಬರೆದರೆ ಎಲ್ಲ ಲೊಕೇಶನ್‌ಗಳಿಗೂ ಇಳಿದು ಬರುತ್ತವೆ. ಆದರೆ ಯಾವುದಾದರೂ ಲೊಕೇಶನ್ ಒಳಗೆ ಹೊಸದಾಗಿ ಒಂದೇ ಒಂದು ಸೆಟ್ ಹೆಡರ್ ಸಾಲು ಸೇರಿಸಿದಿರೋ, ಆ ಲೊಕೇಶನ್‌ಗೆ ಮೇಲಿನ ನಾಲ್ಕೂ ಇಳಿಯುವುದಿಲ್ಲ. ಎಂಜಿನ್‌ಎಕ್ಸ್ ಎರಡನ್ನೂ ಕೂಡಿಸುವುದಿಲ್ಲ. ಲೈವ್ ರೇಟಿಗಾಗಿ ವೆಬ್‌ಸಾಕೆಟ್ (ತೆರೆದೇ ಇರುವ ಕನೆಕ್ಷನ್) ಲೊಕೇಶನ್ ಸೇರಿಸುವಾಗ ಜನ ಸಿಕ್ಕಿಬೀಳುವುದು ಇಲ್ಲೇ: ಅಪ್‌ಗ್ರೇಡ್, ಕನೆಕ್ಷನ್ ಹೆಡರ್‌ಗಳನ್ನು ಬರೆಯುತ್ತಾರೆ, ಹೋಸ್ಟ್ ಕಳೆದುಹೋಗುತ್ತದೆ. ನಾಲ್ಕು ಸಾಲನ್ನೂ ಬೇರೆ ಫೈಲ್‌ನಲ್ಲಿಟ್ಟು ಬೇಕಾದಲ್ಲಿ ಇನ್‌ಕ್ಲೂಡ್ ಮಾಡುವುದು ವಾಸಿ. ಉಬುಂಟುವಿನಲ್ಲಿ ಪ್ರಾಕ್ಸಿ_ಪ್ಯಾರಮ್ಸ್ ಅಂತ ಇಂಥದೇ ಫೈಲ್ ಮೊದಲೇ ಇರುತ್ತದೆ, ಒಮ್ಮೆ ತೆರೆದು ನೋಡಿ.

ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಕೆಲಸ ಸುಲಭ. ಸರ್ಟ್‌ಬಾಟ್ ಅನ್ನುವ ಟೂಲ್ ಹಾಕಿಕೊಂಡು ಅದರ ಎಂಜಿನ್‌ಎಕ್ಸ್ ಪ್ಲಗಿನ್ ಓಡಿಸಿದರೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಸರ್ಟಿಫಿಕೇಟ್ ತಂದು ಇದೇ ಫೈಲ್‌ನಲ್ಲಿ 443ರ ಸಾಲುಗಳನ್ನು ಬರೆದುಕೊಡುತ್ತದೆ. ನವೀಕರಣ ತಾನಾಗೇ ಆಗುತ್ತದಾ ಅಂತ ಡ್ರೈ-ರನ್ ಮಾಡಿ ನೋಡಿಕೊಳ್ಳಿ.

ಮಿತಿಗಳು

ಎಂಜಿನ್‌ಎಕ್ಸ್ ತಾನಾಗಿ 1 ಎಂಬಿಗಿಂತ ದೊಡ್ಡ ಅಪ್‌ಲೋಡ್ ಒಪ್ಪುವುದಿಲ್ಲ, 413 ಕೊಡುತ್ತದೆ. ಈಗಿನ ಫೋನ್‌ನಲ್ಲಿ ತೆಗೆದ ಒಂದು ಫೋಟೋ ಇದನ್ನು ಸಲೀಸಾಗಿ ಮೀರುತ್ತದೆ. ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ 10ಎಂ; ಅಂತ ಹಾಕಿದರೆ ಆಯಿತು.

ಸಮಯದ ಮಿತಿಯನ್ನು ಮಾತ್ರ ಸ್ವಲ್ಪ ಯೋಚಿಸಿ ಮುಟ್ಟಿ. ಪ್ರಾಕ್ಸಿ_ರೀಡ್_ಟೈಮ್‌ಔಟ್ ತಾನಾಗಿ 60 ಸೆಕೆಂಡ್. ಇದು ಇಡೀ ಉತ್ತರಕ್ಕೆ ಕೊಟ್ಟ ಗಡುವಲ್ಲ. ಹಿಂದಿನಿಂದ ಒಂದು ತುಣುಕು ಬಂದಮೇಲೆ ಇನ್ನೊಂದು ಬರುವವರೆಗೆ ಕಾಯುವ ಹೊತ್ತು. ಹಿಂದಿನ ಆ್ಯಪ್ 60 ಸೆಕೆಂಡ್ ಸುಮ್ಮನಿದ್ದರೆ ಗಿರಾಕಿಗೆ 504 ಕಾಣುತ್ತದೆ. ಆದರೆ ಮುಂದಿನವರು ಕಾಯುವುದನ್ನು ಬಿಟ್ಟರು ಅಂದಮಾತ್ರಕ್ಕೆ ಹಿಂದೆ ಕೆಲಸ ನಿಂತಿತು ಅಂತಲ್ಲ. ಆರ್ಡರ್ ಡೇಟಾಬೇಸ್ ಸೇರಿರಬಹುದು, ದುಡ್ಡೂ ಕಟ್ ಆಗಿರಬಹುದು. ಗಿರಾಕಿ ಮತ್ತೊಮ್ಮೆ ಒತ್ತುತ್ತಾರೆ, ಎರಡು ಆರ್ಡರ್. ಮಾರನೇ ದಿನ ಅಂಗಡಿಯಿಂದ ಫೋನ್ ಬರುತ್ತದೆ: "ಸಾರ್, ಆವಯ್ಯ ಒಂದೇ ಬಕೆಟ್ ಕೇಳಿದ್ದು ಅಂತಾನೆ, ನಮ್ತಾವ ಎರಡು ಬಂದದೆ."

ಟೈಮ್‌ಔಟ್ ಅನ್ನು 300ಕ್ಕೆ ಏರಿಸುವುದು ಇದಕ್ಕೆ ಮದ್ದಲ್ಲ. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಪ್ರತಿ ಫಾರಂಗೂ ಒಂದು ಗುರುತು ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಹೊಸ ಆರ್ಡರ್ ಮಾಡದ ಹಾಗೆ ಆ್ಯಪ್‌ನಲ್ಲೇ ನೋಡಿಕೊಳ್ಳಿ. ಎಂಜಿನ್‌ಎಕ್ಸ್ ಕಡೆ ಪ್ರಾಕ್ಸಿ_ಕನೆಕ್ಟ್_ಟೈಮ್‌ಔಟ್ ಅನ್ನು 5 ಸೆಕೆಂಡ್‌ಗೆ ಇಳಿಸಬಹುದು. ಪಕ್ಕದ ಮೆಷಿನ್ 5 ಸೆಕೆಂಡ್‌ನಲ್ಲಿ ಕೈಕುಲುಕದಿದ್ದರೆ ಅದು ಬಿದ್ದಿದೆ ಅಂತಲೇ ಲೆಕ್ಕ.

ಹಿಂದೆ ಎರಡನೇ ಆ್ಯಪ್ ಸರ್ವರ್ ಬಂದರೆ ಅಪ್‌ಸ್ಟ್ರೀಮ್ ಅನ್ನುವ ಬ್ಲಾಕ್‌ನಲ್ಲಿ ಎರಡರ ಐಪಿಯನ್ನೂ ಬರೆದು ಪ್ರಾಕ್ಸಿ ಪಾಸ್‌ಗೆ ಆ ಬ್ಲಾಕ್‌ನ ಹೆಸರು ಕೊಡಿ. ರಿಕ್ವೆಸ್ಟ್‌ಗಳು ಸರದಿಯಲ್ಲಿ ಹಂಚಿಹೋಗುತ್ತವೆ. ಒಂದು ಬಿದ್ದರೆ 10 ಸೆಕೆಂಡ್ ಅದರ ಕಡೆ ತಿರುಗಿ ನೋಡದೆ ಇನ್ನೊಂದಕ್ಕೆ ಕಳಿಸುತ್ತದೆ. ಹಿಂದಕ್ಕೆ ಒಮ್ಮೆ ಹೋದ ಪೋಸ್ಟ್ ರಿಕ್ವೆಸ್ಟ್ ಅನ್ನು, ಅಂದರೆ ಆರ್ಡರ್‌ನಂಥದ್ದನ್ನು, ಎಂಜಿನ್‌ಎಕ್ಸ್ ತಾನಾಗಿ ಎರಡನೇ ಸರ್ವರ್‌ಗೆ ಮತ್ತೆ ಕಳಿಸುವುದಿಲ್ಲ. ಎರಡು ಬಕೆಟ್‌ನ ಕಥೆ ನೆನಪಿದ್ದರೆ ಯಾಕೆ ಅಂತ ಹೇಳಬೇಕಿಲ್ಲ. ಅದನ್ನು ಬದಲಿಸಲು ಹೋಗಬೇಡಿ.

ಕೆಟ್ಟಾಗ ಎಲ್ಲಿ ನೋಡಬೇಕು

502 (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಅನ್ನುವ ಎರರ್) ಕಂಡ ಕೂಡಲೇ ಸೆಟ್ಟಿಂಗ್ ತಿದ್ದಲು ಹೋಗಬೇಡಿ. ಎಂಜಿನ್‌ಎಕ್ಸ್‌ನ ಎರರ್ ಲಾಗ್‌ನ ಕೊನೆಯ ಸಾಲು ಓದಿ. 111, ಕನೆಕ್ಷನ್ ರೆಫ್ಯೂಸ್ಡ್ ಅಂದರೆ ಹಿಂದೆ ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. 13, ಪರ್ಮಿಷನ್ ಡಿನೈಡ್ ಅಂದರೆ ಬೇರೆ ಕಥೆ. ರೆಡ್‌ಹ್ಯಾಟ್ ಬಗೆಯ ಮೆಷಿನ್‌ಗಳಲ್ಲಿ ಎಸ್‌ಇಲಿನಕ್ಸ್ ಅನ್ನುವ ಭದ್ರತಾ ವ್ಯವಸ್ಥೆ ಎಂಜಿನ್‌ಎಕ್ಸ್‌ಗೆ ಹೊರಗಿನ ಕನೆಕ್ಷನ್ ಮಾಡಲು ಬಿಡುವುದಿಲ್ಲ. ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಅನ್ನುವುದನ್ನು ಆನ್ ಮಾಡಿದರೆ ಸಾಕು, ಎಸ್‌ಇಲಿನಕ್ಸ್ ಅನ್ನೇ ಆಫ್ ಮಾಡುವ ಚಟ ಬೇಡ. 404 ಬಂದರೆ ಅದು ಯಾರು ಕೊಟ್ಟ 404 ಅಂತ ನೋಡಿ. ಹಿಂದಿನ ಆ್ಯಪ್‌ನ ಲಾಗ್‌ನಲ್ಲಿ ಆ ರಿಕ್ವೆಸ್ಟ್ ಇದ್ದರೆ ಸ್ಲ್ಯಾಶ್ ಕಡೆ ನೋಡಿ. ಇಲ್ಲದಿದ್ದರೆ ಅದು ದಾಟಿಯೇ ಇಲ್ಲ, ಲೊಕೇಶನ್ ಹೊಂದಿಲ್ಲ.

ಎಂಜಿನ್‌ಎಕ್ಸ್ ಬದಲು ಅಪಾಚೆ ವೆಬ್ ಸರ್ವರ್ ಬಳಸುವವರಿಗೆ ಚುಟುಕಾಗಿ: ಪ್ರಾಕ್ಸಿ, ಪ್ರಾಕ್ಸಿ_ಎಚ್‌ಟಿಟಿಪಿ, ಹೆಡರ್ಸ್ ಮಾಡ್ಯೂಲ್‌ಗಳನ್ನು ಎನೇಬಲ್ ಮಾಡಿ. ಪ್ರಾಕ್ಸಿಪಾಸ್, ಪ್ರಾಕ್ಸಿಪಾಸ್‌ರಿವರ್ಸ್ ಎರಡರಲ್ಲೂ ಎಡಗಡೆ ಕೊನೆಗೆ ಸ್ಲ್ಯಾಶ್ ಇದ್ದರೆ ಬಲಗಡೆಯೂ ಇರಲಿ. ಪ್ರಾಕ್ಸಿಪ್ರಿಸರ್ವ್‌ಹೋಸ್ಟ್ ಆನ್ ಮಾಡಿ. ಫಾರ್ವರ್ಡೆಡ್-ಫಾರ್ ಅನ್ನು ಅಪಾಚೆಯೇ ಸೇರಿಸುತ್ತದೆ, ಫಾರ್ವರ್ಡೆಡ್-ಪ್ರೋಟೊ ಮಾತ್ರ ನೀವು ಬರೆಯಬೇಕು. ಪ್ರಾಕ್ಸಿರಿಕ್ವೆಸ್ಟ್ಸ್ ಆಫ್ ಇರಲಿ, ಆನ್ ಆದರೆ ಊರಿನವರೆಲ್ಲ ನಿಮ್ಮ ಸರ್ವರ್ ಮೂಲಕ ಬೇರೆ ಸೈಟ್‌ಗಳಿಗೆ ಹೋಗಬಹುದು. ಹಿಂದೆ ಟಾಮ್‌ಕ್ಯಾಟ್ ಇದ್ದು ಎಜೆಪಿ (ಅಪಾಚೆ, ಟಾಮ್‌ಕ್ಯಾಟ್ ನಡುವಿನ ಪ್ರೋಟೋಕಾಲ್) ಬಳಸದಿದ್ದರೆ ಅದರ 8009 ಪೋರ್ಟ್ ಮುಚ್ಚಿ. 2020ರಲ್ಲಿ ಘೋಸ್ಟ್‌ಕ್ಯಾಟ್ ಅನ್ನುವ ದೋಷ ಹೊರಬಂದದ್ದು ಅದೇ ಎಜೆಪಿಯಲ್ಲಿ.

ಕೊನೆಯದಾಗಿ, ಹಿಂದಿನ ಆ್ಯಪ್ ಅನ್ನು ಬೇಕೆಂದೇ ನಿಲ್ಲಿಸಿ ಸೈಟ್ ತೆರೆದು ನೋಡಿ. ಎಂಜಿನ್‌ಎಕ್ಸ್‌ನ ಬೋಳು ಇಂಗ್ಲಿಷ್ ಪುಟ ಕಂಡರೆ ಗಿರಾಕಿಗೆ ಏನೂ ತಿಳಿಯುವುದಿಲ್ಲ. ಕನ್ನಡದಲ್ಲಿ ಒಂದು ಪುಟ ಬರೆದು ಮುಂದಿನ ಸರ್ವರ್‌ನ ರೂಟ್ ಫೋಲ್ಡರ್‌ನಲ್ಲಿಟ್ಟು, ಎರರ್_ಪೇಜ್ 502 504 ಸಾಲಿನಲ್ಲಿ ಅದರ ವಿಳಾಸ ಕೊಡಿ. ಆ್ಯಪ್ ತಾನೇ ಕೊಡುವ ಎರರ್‌ಗಳಿಗೂ ಇದೇ ಪುಟ ಬೇಕಿದ್ದರೆ ಅವುಗಳ ಸಂಖ್ಯೆಯನ್ನೂ, ಅಂದರೆ 500ರಂಥವನ್ನು, ಆ ಸಾಲಿಗೆ ಸೇರಿಸಿ ಪ್ರಾಕ್ಸಿ_ಇಂಟರ್‌ಸೆಪ್ಟ್_ಎರರ್ಸ್ ಆನ್ ಮಾಡಿ. ಆ ಪುಟದಲ್ಲಿ ಅಂಗಡಿಯ ಫೋನ್ ನಂಬರ್ ದೊಡ್ಡದಾಗಿ ಹಾಕಿ, ಆರ್ಡರ್ ಫೋನ್‌ನಲ್ಲೂ ತೆಗೆದುಕೊಳ್ಳುತ್ತಾರೆ ಅಂತ ಬರೆಯಿರಿ. ನಂಬರ್ ಒತ್ತಿದರೆ ಕರೆ ಹೋಗುವ ಹಾಗೆ ಟೆಲ್ ಲಿಂಕ್ ಕೊಡುವುದನ್ನು ಮರೆಯಬೇಡಿ.